ಅರ್ಧ ಬಣ್ಣದ ಪಟಾಲಂ

ಕಳೆದ ವರ್ಷ ಮಳೆಗಾಲಕ್ಕೆ ಸ್ವಲ್ಪ ಮುಂಚೆ ನಮ್ಮ ಬಾತ್‌ರೂಮಿನ ಮೇಲಿನ ಅಟ್ಟದಲ್ಲಿ ಪೈಪು ಸೋರಲು ಶುರುವಾಯಿತು. ಪ್ಲಂಬರ್ ಹತ್ತೋಕೆ ಜಾಗ ಬೇಕು ಅಂತ ಅಲ್ಲಿದ್ದ ಸಾಮಾನನ್ನೆಲ್ಲ ಹಾಲ್‌ಗೆ ಇಳಿಸಿದೆವು. ಹಿಡಿ ಮುರಿದ ಕುಕ್ಕರು, ಮಗಳ ಹಳೇ ವಾಕರ್, ಅಮ್ಮನ ದಸರಾ ಗೊಂಬೆಗಳ ಟ್ರಂಕು, ಅದರ ಹಿಂದೆ ಹದಿನಾಲ್ಕು ಶೂ ಡಬ್ಬ. ಶೂ ಡಬ್ಬಗಳು ನನ್ನವು. ಒಳಗಿದ್ದದ್ದು ಶೂ ಅಲ್ಲ.

ಮಗಳು ಒಂದರ ಮುಚ್ಚಳ ತೆಗೆದು ನೋಡಿದಳು. "ಅಪ್ಪ, ಇವರಿಗೆ ಮುಖಾನೇ ಇಲ್ಲ."

ನಿಜ. ಆ ಡಬ್ಬದಲ್ಲಿ ಇಪ್ಪತ್ತನಾಲ್ಕು ಜನ ಇದ್ದರು. ಒಬ್ಬೊಬ್ಬನೂ ಹೆಬ್ಬೆರಳಿನ ಗೆಣ್ಣಿನಷ್ಟು ಎತ್ತರ. ಒಬ್ಬನನ್ನು ಬಿಟ್ಟು ಉಳಿದವರಿಗೆಲ್ಲ ಕೆಂಪು ಕೋಟು, ಬೂದು ಪ್ಯಾಂಟು ಇತ್ತು. ಎದೆ ಮೇಲೆ ಅಡ್ಡ ಹಾಯುವ ಬಿಳಿ ಬೆಲ್ಟು ಒಂಬತ್ತು ಜನಕ್ಕೆ ಮಾತ್ರ. ಮುಖ ನಾಲ್ಕು ಜನಕ್ಕೆ. ಮಿಕ್ಕವರ ತಲೆ ಪ್ರೈಮರಿನ ಬೂದು ಬಣ್ಣದಲ್ಲೇ ನಿಂತುಹೋಗಿತ್ತು, ಮುಖಕ್ಕೆಲ್ಲ ವಿಭೂತಿ ಬಳಿದುಕೊಂಡವರ ಹಾಗೆ.

ಗೊತ್ತಿಲ್ಲದವರಿಗೆ ಎರಡು ಮಾತು. ಇವು ವಾರ್‌ಗೇಮ್ ಆಡುವ ಗೊಂಬೆಗಳು, 28 ಮಿಲಿಮೀಟರ್ ಅಳತೆಯವು. ಊಟದ ಮೇಜಿನಷ್ಟು ದೊಡ್ಡ ಹಲಗೆ ಮೇಲೆ ಗುಡ್ಡ, ಬೇಲಿ, ಮನೆ ಜೋಡಿಸಿ, ಟೇಪು ಹಿಡಿದು ಇಂಚು ಅಳೆದು ಸೈನ್ಯ ನಡೆಸಿ, ದಾಳ ಉರುಳಿಸಿ ಯಾರು ಸತ್ತರು ಯಾರು ಓಡಿದರು ಅಂತ ತೀರ್ಮಾನ ಮಾಡೋ ಆಟ. 1824ರಲ್ಲಿ ಪ್ರಶ್ಯಾದ ರೈಸ್ವಿಟ್ಜ್ ಅನ್ನುವ ಸೇನಾಧಿಕಾರಿ ನಕ್ಷೆ, ದಾಳ ಇಟ್ಟುಕೊಂಡು ಯುದ್ಧ ಕಲಿಸುವ ಆಟದ ನಿಯಮ ಅಚ್ಚು ಹಾಕಿಸಿದ. 1913ರಲ್ಲಿ ಎಚ್. ಜಿ. ವೆಲ್ಸ್ ಆಟಿಕೆ ಸೈನಿಕರಿಗೇ ನಿಯಮ ಬರೆದು ಪುಸ್ತಕ ಮಾಡಿದರು. ಕಥೆಗಾರ ವೆಲ್ಸ್ ಅವರೇ, ನೆಲದ ಮೇಲೆ ಮಲಗಿ ಸ್ಪ್ರಿಂಗ್ ಫಿರಂಗಿಯಿಂದ ಸೈನಿಕರನ್ನು ಉರುಳಿಸುತ್ತಿದ್ದವರು. ಹಾಗಾಗಿ ಇದು ಮಕ್ಕಳಾಟ ಅಂತ ನಗುವವರಿಗೆ ನಾನು ಆ ಹೆಸರನ್ನು ಮುಂದೆ ಮಾಡುತ್ತೇನೆ. ನಗು ನಿಲ್ಲೋದಿಲ್ಲ, ಅದು ಬೇರೆ ಮಾತು.

ಗೊಂಬೆ ಬಣ್ಣ ಹಚ್ಚಿಕೊಂಡು ಬರುವುದಿಲ್ಲ. ಪ್ಲಾಸ್ಟಿಕ್ ಚೌಕಟ್ಟಿಗೆ ಅಂಟಿಕೊಂಡ ತುಂಡುಗಳಾಗಿ ಬರುತ್ತವೆ. ಕತ್ತರಿಸಬೇಕು, ಹೆರೆಯಬೇಕು, ಅಂಟಿಸಬೇಕು, ಪ್ರೈಮರ್ ಹೊಡೆಯಬೇಕು, ಆಮೇಲೆ ಬಣ್ಣ. ಕೊಳ್ಳೋಕೆ ಐದು ನಿಮಿಷ ಸಾಕು. ಒಂದು ಗೊಂಬೆಗೆ ನನ್ನ ಕೈಯಲ್ಲಿ ಸುಮಾರು ಎರಡು ಗಂಟೆ ಬೇಕು. ಲೆಕ್ಕ ಎಲ್ಲಿ ತಪ್ಪುತ್ತದೆ ಅಂತ ಗೊತ್ತಾಯ್ತಲ್ವಾ.

ನನಗೆ ಈ ಹುಚ್ಚು ಹಿಡಿದದ್ದು ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ. 2009ರಲ್ಲಿ ಕಂಪನಿ ಕೆಲಸದ ಮೇಲೆ ಕಳಿಸಿತ್ತು. ರಾಬಿನ್ ಹುಡ್‌ನ ಊರು ಅನ್ನೋದು ಬಿಟ್ಟರೆ ನನಗೆ ಆ ಊರಿನ ಬಗ್ಗೆ ಏನೂ ಗೊತ್ತಿರಲಿಲ್ಲ. ಹೋದ ಮೇಲೆ ನೋಡಿದರೆ, ನಮ್ಮ ಚನ್ನಪಟ್ಟಣಕ್ಕೆ ಅರಗಿನ ಆಟಿಕೆ ಹೇಗೋ ಆ ಸೀಮೆಗೆ ಈ ಪುಟ್ಟ ಸೈನಿಕರು ಹಾಗೆ. ವಾರ್‌ಹ್ಯಾಮರ್ ಆಟ ತರುವ ಗೇಮ್ಸ್ ವರ್ಕ್‌ಶಾಪ್‌ನ ಮುಖ್ಯ ಕಚೇರಿ ಅಲ್ಲೇ. ಅಲ್ಲಿ ಕೆಲಸ ಕಲಿತು ಹೊರಬಂದವರು ಅದೇ ಊರಲ್ಲಿ, ಅಕ್ಕಪಕ್ಕದಲ್ಲಿ ಸ್ವಂತ ಕಂಪನಿ ತೆರೆದರು. ಹಿಂದೆ ಗೊಂಬೆಗಳನ್ನು ಸೀಸದಲ್ಲಿ ಎರಕ ಹೊಯ್ಯುತ್ತಿದ್ದದ್ದರಿಂದ ಆ ಪ್ರದೇಶಕ್ಕೆ ತಮಾಷೆಗೆ 'ಲೆಡ್ ಬೆಲ್ಟ್' ಅಂತಾರೆ. ಚಳಿಗಾಲದಲ್ಲಿ ನಾಲ್ಕು ಗಂಟೆಗೇ ಕತ್ತಲಾಗೋ ಊರು. ಹೆಂಡತಿ ಇನ್ನೂ ಬೆಂಗಳೂರಲ್ಲಿದ್ದಳು. ಒಂದು ಕೋಣೆ, ಒಂದು ಟೇಬಲ್ ಲ್ಯಾಂಪು, ಸಂಜೆ ಪೂರ್ತಿ ಖಾಲಿ. ಇನ್ನೇನಾಗಬೇಕು ಹೇಳಿ.

ದೈತ್ಯರು, ಡ್ರ್ಯಾಗನ್‌ಗಳು ನನ್ನನ್ನು ಅಷ್ಟಾಗಿ ಹಿಡಿಯಲಿಲ್ಲ. ನಾನು ಬಿದ್ದದ್ದು ನೆಪೋಲಿಯನ್ ಕಾಲಕ್ಕೆ. 2015ರ ಜೂನ್ 18ಕ್ಕೆ ವಾಟರ್ಲೂ ಯುದ್ಧಕ್ಕೆ 200 ವರ್ಷ ತುಂಬುತ್ತಿತ್ತು. ಅಷ್ಟರೊಳಗೆ ಬ್ರಿಟಿಷರ ಕಡೆಯ ಒಂದು ಬ್ರಿಗೇಡ್ ಮುಗಿಸಬೇಕು ಅಂತ ಹಟ ತೊಟ್ಟೆ. ಆರಿಸಿದ್ದು ಹಾಲ್ಕೆಟ್ ಎಂಬ ಜನರಲ್‌ನ ಬ್ರಿಗೇಡ್. ಅದರಲ್ಲಿ ನಾಲ್ಕು ರೆಜಿಮೆಂಟು: 30, 33, 69, 73. ಒಂದಕ್ಕೆ 24ರಂತೆ 96 ಗೊಂಬೆ. ಮೊದಲು ಕೈ ಹಾಕಿದ್ದು 33ಕ್ಕೆ. ಕಾರಣ ಶುದ್ಧ ಸೋಮಾರಿತನ. ಬ್ರಿಟಿಷ್ ರೆಜಿಮೆಂಟುಗಳಿಗೆ ಕೋಟು ಕೆಂಪಾದರೂ ಕಾಲರಿಗೂ ತೋಳಿನ ತುದಿಗೂ ಬೇರೆ ಬೇರೆ ಬಣ್ಣ ಇರುತ್ತಿತ್ತು. 30ಕ್ಕೆ ತಿಳಿ ಹಳದಿ, 69ಕ್ಕೆ ಹಸಿರು, 73ಕ್ಕೆ ಕಡು ಹಸಿರು. 33ಕ್ಕೆ ಅದೂ ಕೆಂಪೇ. ಒಂದು ಬಣ್ಣ ಉಳೀತು ಅಂದುಕೊಂಡೆ.

ಉಳಿದದ್ದನ್ನು ಡ್ರಮ್ಮರ್ ವಸೂಲಿ ಮಾಡಿದ. ಆಗಿನ ಸೈನ್ಯದಲ್ಲಿ ಡ್ರಮ್ ಬಾರಿಸುವವನ ಕೋಟು ಉಲ್ಟಾ: ರೆಜಿಮೆಂಟಿನ ಕಾಲರಿನ ಬಣ್ಣ ಅವನ ಮೈಗೆ. ಕಾಲರೇ ಕೆಂಪಾದರೆ ಏನು ಮಾಡೋದು? ಅದಕ್ಕೂ 1768ರಲ್ಲೇ ನಿಯಮ ಬರೆದಿಟ್ಟಿದ್ದರು. ಕೆಂಪು ಕಾಲರಿನ ರೆಜಿಮೆಂಟಿನ ಡ್ರಮ್ಮರ್‌ಗೆ ಬಿಳಿ ಕೋಟು. ಇಪ್ಪತ್ತನಾಲ್ಕರಲ್ಲಿ ಬಣ್ಣವೇ ಕಾಣದೆ ನಿಂತಿದ್ದ ಒಬ್ಬ ಅವನೇ.

ಬಿಳಿ ಹಚ್ಚಿ ನೋಡಿದವರಿಗೆ ಗೊತ್ತು ಅದರ ಕಾಟ. ಕೆಂಪು, ನೀಲಿ ಎಲ್ಲ ಹೇಳಿದ ಮಾತು ಕೇಳುತ್ತವೆ. ಬಿಳಿ ತೆಳುವಾದರೆ ನೀರಿನಂತೆ ಸಂದಿಗೆ ಹರಿದು ಹೋಗುತ್ತದೆ, ದಪ್ಪವಾದರೆ ಗೋಡೆಗೆ ಸುಣ್ಣ ಹೊಡೆದ ಹಾಗೆ ತರಿತರಿ. 2011ರ ಚಳಿಗಾಲದಲ್ಲಿ ಎರಡು ಸಲ ಹಚ್ಚಿ ಎರಡು ಸಲ ಒರೆಸಿದೆ. 'ನಾಳೆ ನೋಡೋಣ' ಅಂತ ಅವನನ್ನು ಪಕ್ಕಕ್ಕಿಟ್ಟೆ. ಅವನ ಜೊತೆ ಇಡೀ ಪಟಾಲಂ ಪಕ್ಕಕ್ಕೆ ಹೋಯಿತು. ಮಧ್ಯೆ ಬೇಜಾರು ಕಳೆಯೋಕೆ ಅಂತ ಫ್ರೆಂಚ್ ಕುದುರೆ ಸವಾರರನ್ನು ಕೊಂಡೆ. ಆಮೇಲೆ ರೋಮನ್ನರನ್ನು. ಆಮೇಲೆ ಯಾರೋ ಮಾರುತ್ತಿದ್ದರು ಅಂತ ಓರ್ಕ್ ಅನ್ನೋ ಕಥೆಯ ರಾಕ್ಷಸರ ಒಂದು ಡಬ್ಬ. 2014ರಲ್ಲಿ ಊರಿಗೆ ವಾಪಸ್ ಬರುವಾಗ ಬಟ್ಟೆ ಕಮ್ಮಿ ಮಾಡಿ ಇವರನ್ನು ತುಂಬಿಕೊಂಡೆ. ಕಾಲ್ಚೀಲದೊಳಗೆ ಸೈನಿಕರನ್ನು ಸುತ್ತಿಟ್ಟು ತಂದವನು ನಾನೊಬ್ಬನೇ ಇರಲಾರೆ. 2015ರ ಜೂನ್ 18 ಬಂತು, ಹೋಯಿತು. ಅವತ್ತು ನಾನು ಆಫೀಸಿನಲ್ಲಿದ್ದೆ. ಮಾರನೇ ದಿನ ನೆನಪಾಯಿತು.

ಪ್ಲಂಬರ್ ಹೋದ ಮೇಲೆ ಡಬ್ಬಗಳನ್ನು ವಾಪಸ್ ಇಡುವ ಮುಂಚೆ ಒಂದು ನೋಟ್‌ಬುಕ್ ತಗೊಂಡು ಎಣಿಸಿದೆ. ಎಲ್ಲ ಸೇರಿ 436. ಕತ್ತರಿಸದೆ ಚೌಕಟ್ಟಿನಲ್ಲೇ ಇದ್ದದ್ದು 150. ಅಂಟಿಸಿ ಪ್ರೈಮರ್ ಹೊಡೆದದ್ದು 118. ಬಣ್ಣ ಅರ್ಧ ಆದದ್ದು 131. ಪೂರ್ತಿ ಮುಗಿದದ್ದು 37. ಇಂಥ ರಾಶಿಗೆ ಇಂಗ್ಲೆಂಡಿನ ಆಟಗಾರರು ನಾಚಿಕೆಯ ಗುಡ್ಡೆ ಅಂತ ಹೆಸರಿಟ್ಟಿದ್ದಾರೆ. ನನಗೆ ನಾಚಿಕೆಗಿಂತ ಆ 131 ನೋಡಿ ಆಶ್ಚರ್ಯ ಜಾಸ್ತಿ ಆಯಿತು. ಬರೀ ಪ್ಲಾಸ್ಟಿಕ್ಕಿಗೆ ಕ್ಷಮೆ ಇದೆ, ಶುರುವೇ ಆಗಿಲ್ಲ. ಈ 131 ಜನರ ಮುಂದೆ ಮಾತ್ರ ನಾನು ಕೂತಿದ್ದೆ, ಕುಂಚ ಹಿಡಿದಿದ್ದೆ, ಎದ್ದು ಹೋಗಿದ್ದೆ. 131 ಸಲ.

ಚೌಕಟ್ಟಿನಲ್ಲಿದ್ದ 150ನ್ನು ಬಿಡೋದು ಸುಲಭವಾಯಿತು. ಬೆಂಗಳೂರಲ್ಲೇ ವಾರಾಂತ್ಯ ಸೇರಿ ಆಡುವ ಕಾಲೇಜು ಹುಡುಗರಿದ್ದಾರೆ. ರೋಮನ್ನರು, ಓರ್ಕ್‌ಗಳು ಅವರ ಬ್ಯಾಗಿಗೆ ಹೋದರು. ಬ್ರಿಗೇಡಿಗೆ ಬೇಕಾದದ್ದಷ್ಟೇ ಇಟ್ಟುಕೊಂಡೆ. ಹೆಂಡತಿ, "ರೀ, ಅಷ್ಟನ್ನೂ ಸುಮ್ನೆ ಕೊಟ್ಬಿಟ್ರಾ?" ಅಂತ ಎರಡು ಸಲ ಕೇಳಿದಳು. ಎರಡನೇ ಸಲ ಕೇಳಿದ್ದು ಬೆಲೆ ಗೊತ್ತಾದ ಮೇಲೆ.

ಅರ್ಧ ಆದವರ ವಿಷಯ ಅಷ್ಟು ಸುಲಭ ಇರಲಿಲ್ಲ. ಅರ್ಧ ಆಗಿದೆ ಅಂದ್ರೆ ಅರ್ಧ ಕೆಲಸ ಉಳೀತು ಅಂತ ತಾನೇ ಯಾರಾದರೂ ಅಂದುಕೊಳ್ಳೋದು? ನಾನೂ ಹಾಗೇ ಅಂದುಕೊಂಡು ಕೂತೆ. ಮೊದಲ ತಡೆ ಕೆಂಪು. ಅಂದು ನಾನು ಹಚ್ಚಿದ್ದು ಮಂಕಾದ, ಸ್ವಲ್ಪ ಇಟ್ಟಿಗೆಯ ಛಾಯೆಯ ಒಂದು ಕೆಂಪು. ಬಾಟಲಿ ಒಣಗಿ ಕಲ್ಲಾಗಿತ್ತು. ಬೇರೆ ತರಿಸೋಣ ಅಂದರೆ ಆ ಬಣ್ಣವೇ ಈಗಿಲ್ಲ. ಅದನ್ನು ಮಾಡುತ್ತಿದ್ದ ಕಂಪನಿ 2012ರಲ್ಲೇ ತನ್ನ ಬಣ್ಣಗಳನ್ನೆಲ್ಲ ಹೊಸದಾಗಿ, ಹೊಸ ಹೆಸರಲ್ಲಿ ಬಿಟ್ಟಿತ್ತು. ಹೊಸ ಕೆಂಪು ಚೆನ್ನಾಗಿದೆ. ಆದರೆ ಹಳೆಯದರ ಪಕ್ಕ ಇಟ್ಟರೆ ಮದುವೆ ಮನೆಯ ಕುಂಕುಮ.

ಸರಿ, ಬೆರೆಸೋಣ ಅಂತ ಶುರು ಮಾಡಿದೆ. ನಾಲ್ಕು ಹನಿ ಕೆಂಪು, ಎರಡು ಹನಿ ಕಂದು. ಹಸಿ ಇದ್ದಾಗ ಅದೇ ಬಣ್ಣ. ಒಣಗಿದ ಮೇಲೆ ಒಂದು ಮೆಟ್ಟಿಲು ಕಪ್ಪು. ಅಕ್ರಿಲಿಕ್‌ನ ಗುಣವೇ ಅದು. ಕಂದು ಕಮ್ಮಿ ಮಾಡಿದೆ, ಚೂರು ಕಿತ್ತಳೆ ಸೇರಿಸಿದೆ. ಪ್ರತಿ ಮಿಶ್ರಣವನ್ನೂ ಒಬ್ಬೊಬ್ಬನ ಬೆನ್ನಿನ ಚೀಲದ ಕೆಳಗೆ, ಯಾರಿಗೂ ಕಾಣದ ಕಡೆ ಹಚ್ಚಿ ನೋಡಿದೆ. ಮೂರು ವಾರ ಹೀಗೇ ಹೋಯಿತು. ಒಬ್ಬನೂ ಮುಗಿಯಲಿಲ್ಲ. ಹತ್ತು ಜನರ ಬೆನ್ನಲ್ಲಿ ಹತ್ತು ತರದ ಕೆಂಪು ಚುಕ್ಕೆ.

ಕೋಪ ಬಂದು ಆ ಹತ್ತು ಜನರನ್ನು ಡೆಟ್ಟಾಲ್‌ನಲ್ಲಿ ಮುಳುಗಿಸಿದೆ. ಇದು ನನ್ನ ಸಂಶೋಧನೆ ಅಲ್ಲ. ಇಂಗ್ಲೆಂಡಿನಲ್ಲಿ ಹಳೇ ಬಣ್ಣ ಕೀಳೋಕೆ ಬಹಳ ಜನ ಬಳಸೋದು ಅದನ್ನೇ, ನಮ್ಮನೆ ಬಚ್ಚಲಲ್ಲಿ ಇರುವ ಅದೇ ಕಂದು ಡೆಟ್ಟಾಲ್. ನೀರು ಬೆರೆಸದೆ ಒಂದು ರಾತ್ರಿ ನೆನೆಹಾಕಿದರೆ ಬಣ್ಣ ಮೆತ್ತಗಾಗಿ ಎದ್ದು ಬರುತ್ತದೆ, ಪ್ಲಾಸ್ಟಿಕ್ಕಿಗೆ ಏನೂ ಆಗೋದಿಲ್ಲ. ಹಳೇ ಟೂತ್‌ಬ್ರಶ್ಶಿನಲ್ಲಿ ಉಜ್ಜಬೇಕು. ಒಂದೇ ಎಚ್ಚರ: ಬಣ್ಣ ಪೂರ್ತಿ ಬಿಡುವ ಮುಂಚೆ ನೀರು ತಾಗಿಸಬಾರದು. ನಾನು ತಾಗಿಸಿದೆ. ಎದ್ದು ಬಂದಿದ್ದ ಬಣ್ಣವೆಲ್ಲ ಹಲಸಿನ ಮೇಣದಂತೆ ಗೊಂಬೆಗೆ, ಬ್ರಶ್ಶಿಗೆ, ನನ್ನ ಬೆರಳಿಗೆ ಅಂಟಿತು. ಮತ್ತೆ ಡೆಟ್ಟಾಲ್, ಮತ್ತೆ ಉಜ್ಜು.

ಅಮ್ಮ ದೇವರ ಕೋಣೆಯಿಂದ ಗಾಬರಿಯಲ್ಲಿ ಎದ್ದು ಬಂದರು. "ಯಾರಿಗೆ ಏನಾಯ್ತೋ? ಆಸ್ಪತ್ರೆ ವಾಸನೆ ಬರ್ತಿದೆ!"

"ಯಾರಿಗೂ ಏನೂ ಆಗಿಲ್ಲಮ್ಮ. ಬಣ್ಣ ತೆಗೀತಿದ್ದೀನಿ."

ಅವರು ಬಟ್ಟಲೊಳಗೆ ಬಗ್ಗಿ ನೋಡಿದರು. ಕೆಂಪು ನೀರಲ್ಲಿ ಹತ್ತು ಜನ ಮಲಗಿದ್ದರು. "ಹಚ್ಚೋದೂ ನೀನೇ, ತೆಗೆಯೋದೂ ನೀನೇ. ಇದಕ್ಕೆ ಇಂಗ್ಲೆಂಡಿಗೆ ಬೇರೆ ಹೋಗ್ಬೇಕಿತ್ತು!"

ಬಣ್ಣ ಹೋದ ಮೇಲೆ ಆ ಹತ್ತು ಗೊಂಬೆಗಳನ್ನು ದೀಪದ ಕೆಳಗೆ ಇಟ್ಟು ನೋಡಿದೆ. ಅಚ್ಚಿನ ಎರಡು ಭಾಗ ಸೇರುವಲ್ಲಿ ಒಂದು ಸಣ್ಣ ಗೆರೆ ಉಳಿಯುತ್ತದೆ. ಅಂಟಿಸುವ ಮುಂಚೆ ಅದನ್ನು ಬ್ಲೇಡಿನಲ್ಲಿ ಹೆರೆಯಬೇಕು. ಹತ್ತರಲ್ಲಿ ಒಂಬತ್ತು ಜನಕ್ಕೆ ಹೆರೆದೇ ಇರಲಿಲ್ಲ. ಒಬ್ಬನ ತೋಳು ಓರೆ. ಅವಸರ ಎದ್ದು ಕಾಣುತ್ತಿತ್ತು. 2011ರ ಆ ಮನುಷ್ಯನನ್ನು ಬೈದುಕೊಂಡೇ ಹೆರೆಯಲು ಕೂತೆ. ಆಮೇಲೆ ಮುಖ ಮುಗಿದಿದ್ದ ಆ ನಾಲ್ಕು ಜನರನ್ನು ಕೈಗೆತ್ತಿಕೊಂಡೆ. ಅವರನ್ನು ಡೆಟ್ಟಾಲ್‌ಗೆ ಹಾಕಿರಲಿಲ್ಲ, ಪುಣ್ಯ. ಭೂತಗನ್ನಡಿ ಹಿಡಿದು ನೋಡಿದರೆ, ನಾಲ್ಕು ಮಿಲಿಮೀಟರಿನ ಮುಖದಲ್ಲಿ ಕಣ್ಣು ಇದೆ. ಬಿಳಿ ಇದೆ, ನಡುವೆ ಕಪ್ಪು ಚುಕ್ಕೆ ಇದೆ, ಎರಡೂ ಕಣ್ಣು ಒಂದೇ ಕಡೆ ನೋಡುತ್ತಿವೆ. ಈಗ ನನಗೆ ಚಾಳೀಸು ಬಂದಿದೆ. ಸೂಜಿಗೆ ದಾರ ಪೋಣಿಸೋಕೆ ಮಗಳನ್ನು ಕರೆಯುತ್ತೇನೆ. ಆ ಕಣ್ಣನ್ನು ಇವತ್ತು ನಾನು ಬರೆಯಲಾರೆ. ಬೈಗುಳ ಅಲ್ಲಿಗೇ ನಿಂತಿತು.

ಅರ್ಧ ಆದ ಗೊಂಬೆ ಯಾಕೆ ಕಷ್ಟ ಅನ್ನೋದು ನನಗೆ ಹೊಳೆದದ್ದು ಆವಾಗ. ಹೊಸ ಗೊಂಬೆಯಾದರೆ ನಾನೊಬ್ಬನೇ. ಇದರಲ್ಲಿ ಇನ್ನೊಬ್ಬನ ಜೊತೆ ಹೊಂದಿಕೊಂಡು ಹೋಗಬೇಕು. ಅವನು ಯಾವ ಕೆಂಪು ಬೆರೆಸಿದ ಅಂತ ಬರೆದಿಟ್ಟಿಲ್ಲ. ಯಾವುದನ್ನು ಮೊದಲು, ಯಾವುದನ್ನು ಆಮೇಲೆ ಅಂತ ಹೇಳಿಲ್ಲ. ಅವನಿಗೆ ಕಣ್ಣಿತ್ತು, ತಾಳ್ಮೆ ಇರಲಿಲ್ಲ. ನನ್ನದು ಉಲ್ಟಾ.

ಕೆಂಪಿನ ಸಮಸ್ಯೆ ಬಿಡಿಸಿದ್ದು ಕೊನೆಗೆ ಇತಿಹಾಸ. ಆ ಕಾಲದ ಸಾಮಾನ್ಯ ಸಿಪಾಯಿಯ ಕೋಟಿಗೆ ಮಂಜಿಷ್ಠ ಬೇರಿನ ಜಾತಿಯ ಮ್ಯಾಡರ್‌ನಿಂದ ಬಣ್ಣ ಕಟ್ಟುತ್ತಿದ್ದರು, ಅಗ್ಗದ್ದು. ಅಧಿಕಾರಿಗಳ ಕೋಟಿಗೆ ಕಾಚಿನೀಲ್ ಹುಳುವಿನ ದುಬಾರಿ ಕಡುಗೆಂಪು. ಸಿಪಾಯಿಯ ಬಣ್ಣ ಬಿಸಿಲಿಗೆ ಮಂಕಾಗುತ್ತಿತ್ತು, ಮಳೆಗೆ ಇನ್ನೊಂದು ತರ ಆಗುತ್ತಿತ್ತು. ತಿಂಗಳುಗಟ್ಟಲೆ ಬಯಲಲ್ಲಿ ಮಲಗಿದ ಪಟಾಲಮ್ಮಿನಲ್ಲಿ ಎಲ್ಲರ ಕೋಟೂ ಒಂದೇ ಕೆಂಪು ಇರೋದಕ್ಕೆ ಸಾಧ್ಯವೇ ಇಲ್ಲ. ನಾನು ಮೂರು ವಾರ ಹುಡುಕಿದ ಆ ಒಂದೇ ಕೆಂಪು ನಿಜವಾದ 33ನೇ ರೆಜಿಮೆಂಟಿನಲ್ಲೇ ಇರಲಿಲ್ಲ! ಹತ್ತು ಜನಕ್ಕೆ ಹತ್ತು ಮಿಶ್ರಣವನ್ನೂ ಧೈರ್ಯವಾಗಿ ಹಚ್ಚಿದೆ. ಒಣಗಿದ ಮೇಲೆ ಎಲ್ಲರ ಮೇಲೂ ನೀರಾದ ಕಂದು ವಾಶ್ ಹರಿಸಿದೆ. ಅದು ಮಡಿಕೆಗಳಲ್ಲಿ ಇಳಿದು ನಿಂತಾಗ ಹಳಬರು ಯಾರು, ಹೊಸಬರು ಯಾರು ಅಂತ ನನಗೇ ತಕ್ಷಣ ತಿಳಿಯಲಿಲ್ಲ.

ಇದೆಲ್ಲ ಬೆಂಗಳೂರಿನ ಮಳೆಯ ನಡುವೆ. ಮಳೆಗಾಲದಲ್ಲಿ ಟೆರೇಸ್ ಮೇಲೆ ಸ್ಪ್ರೇ ಹೊಡೆಯಬಾರದು ಅಂತ ಎಲ್ಲರೂ ಹೇಳುತ್ತಾರೆ. ಮಳೆ ಇಲ್ಲವಲ್ಲ, ಮೋಡ ಅಷ್ಟೇ ತಾನೇ ಅಂತ ಜುಲೈನಲ್ಲಿ ಆರು ಜನಕ್ಕೆ ಮ್ಯಾಟ್ ವಾರ್ನಿಶ್ ಹೊಡೆದೆ. ಗಾಳಿಯ ತೇವ ಸೇರಿಕೊಂಡು ಆರೂ ಜನ ಮಂಜು ಮುಸುಕಿದಂತೆ ಬೆಳ್ಳಗಾದರು. ಆಲಿವ್ ಎಣ್ಣೆ ಸವರಿದರೆ ಹೋಗುತ್ತೆ ಅಂತ ಯಾರೋ ಹೇಳಿದ್ದು ನೆನಪಿತ್ತು. ಮನೇಲಿದ್ದದ್ದು ಕೊಬ್ಬರಿ ಎಣ್ಣೆ. ಸವರಿದೆ. ಬಿಳುಪು ಸ್ವಲ್ಪ ಹೋಯಿತು, ಆರು ಸೈನಿಕರು ಎಣ್ಣೆಸ್ನಾನದ ಮಕ್ಕಳಂತೆ ಮಿರಮಿರ ಮಿಂಚಿದರು, ಸಂಜೆಯೊಳಗೆ ಧೂಳು ಮೆತ್ತಿತು. ಸೋಪಿನ ನೀರಲ್ಲಿ ತೊಳೆದು, ಕುಂಚದಲ್ಲಿ ಹೊಳಪಿನ ವಾರ್ನಿಶ್ ಹಚ್ಚಿದ ಮೇಲೆ ಸರಿಹೋದರು.

ಆ ಹೊತ್ತಿಗೇ, ಬಾವುಟಕ್ಕೆ ಏನು ಹಾಕಬೇಕು ಅಂತ ನೋಡಲು 33ನೇ ರೆಜಿಮೆಂಟಿನ ಚರಿತ್ರೆ ತೆಗೆದೆ. ಅವರ ಯುದ್ಧ ಗೌರವಗಳ ಪಟ್ಟಿಯಲ್ಲಿ ವಾಟರ್ಲೂಗಿಂತ ಎಷ್ಟೋ ಮೇಲೆ ಇನ್ನೊಂದು ಹೆಸರಿತ್ತು. ಸೆರಿಂಗಪಟಮ್.

ಎರಡು ಸಲ ಓದಿದೆ. ಅಮ್ಮನ ತವರು ಶ್ರೀರಂಗಪಟ್ಟಣದಿಂದ ಬಸ್ಸಿನಲ್ಲಿ ಅರ್ಧ ಗಂಟೆ. ಬೇಸಿಗೆ ರಜೆಯಲ್ಲಿ ಕೋಟೆ ಗೋಡೆ ಹತ್ತಿ ಇಳಿದು ಮೊಣಕಾಲು ತರಚಿಕೊಂಡ ಜಾಗ. 1799ರ ಏಪ್ರಿಲ್ 5ರ ರಾತ್ರಿ, ಕೋಟೆ ಸಮೀಪದ ಸುಲ್ತಾನ್‌ಪೇಟೆಯ ಮರಗಳ ತೋಪಿನ ಮೇಲೆ ಇದೇ 33ನೇ ರೆಜಿಮೆಂಟನ್ನು ನುಗ್ಗಿಸಿದವನು ಆರ್ಥರ್ ವೆಲ್ಲೆಸ್ಲಿ. ಕತ್ತಲಲ್ಲಿ ದಾರಿ ತಪ್ಪಿತು. ಟಿಪ್ಪುವಿನ ಕಡೆಯವರ ಗುಂಡು, ರಾಕೆಟ್ಟು. ಚೆಲ್ಲಾಪಿಲ್ಲಿಯಾಗಿ ಹಿಂದಕ್ಕೆ ಓಡಿದರು, ವೆಲ್ಲೆಸ್ಲಿಯ ಮೊಣಕಾಲಿಗೂ ಪೆಟ್ಟು ಬಿತ್ತು. ಮಾರನೇ ದಿನ ಬೆಳಕಿನಲ್ಲಿ ಮತ್ತೆ ಬಂದು ತೋಪು ಹಿಡಿದರು. ಮೇ 4ಕ್ಕೆ ಕೋಟೆ ಬಿತ್ತು. ಹದಿನಾರು ವರ್ಷದ ನಂತರ ವಾಟರ್ಲೂನಲ್ಲಿ ಅದೇ ಮನುಷ್ಯ, ವೆಲಿಂಗ್ಟನ್ ಡ್ಯೂಕ್ ಆಗಿ. ಅವನ ಕೈಕೆಳಗೆ ಅದೇ 33. ನನ್ನ ಬ್ರಿಗೇಡಿನ 73 ಕೂಡ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿತ್ತು, ವಾಟರ್ಲೂಗೆ ಹೋದದ್ದು ಅದರ ಬೇರೆ ಬೆಟಾಲಿಯನ್ ಅಷ್ಟೇ.

ಗೆಳೆಯನೊಬ್ಬನಿಗೆ ಫೋನಿನಲ್ಲಿ ಹೇಳಿದೆ. "ಮಂಡ್ಯ ಕಡೆ ಹುಡುಗ, ಹದಿಮೂರು ವರ್ಷದಿಂದ ಅವರ ಕೋಟಿಗೆ ಬಣ್ಣ ಹೊಡೀತಿದ್ದೀಯಲ್ಲೋ," ಅಂತ ನಕ್ಕ. ನಾನೂ ನಕ್ಕೆ. ರಾತ್ರಿ ಗೊಂಬೆಗಳ ಮುಂದೆ ಕೂತಾಗ ಅಷ್ಟು ನಗು ಬರಲಿಲ್ಲ. ಟೇಬಲ್ ತುಂಬ ಬಯನೆಟ್ಟು ಹಿಡಿದು ನನ್ನ ಕಡೆಗೇ ಮುಖ ಮಾಡಿದ್ದರು. ಅವರನ್ನು ಮತ್ತೆ ಡಬ್ಬಕ್ಕೆ ಹಾಕಬೇಕು ಅಂತ ಅನ್ನಿಸಲಿಲ್ಲ. ಹಾಗಂತ ಮೊದಲಿನ ಹಾಗೆ ಬರೀ ಕೆಂಪು ಕೋಟು ಅಂತ ನೋಡೋದಕ್ಕೂ ಆಗಲಿಲ್ಲ. ಟಿಪ್ಪುವಿನ ಕಡೆಯವರನ್ನೂ ಮಾಡಬೇಕು ಅನ್ನಿಸಿತು. ಆದರೆ ಇರುವ ರಾಶಿ ಮುಗಿಯುವ ತನಕ ಹೊಸದು ಕೊಳ್ಳುವುದಿಲ್ಲ ಅಂತ ಹೆಂಡತಿಗೆ ಮಾತು ಕೊಟ್ಟಾಗಿದೆ. ಇರುವವರನ್ನೇ 1799ರವರು ಅಂತ ನಿಲ್ಲಿಸೋಕೂ ಬರೋದಿಲ್ಲ. ಇವರ ತಲೆ ಮೇಲಿನ ಎತ್ತರದ ಟೋಪಿ ವಾಟರ್ಲೂ ಕಾಲದ್ದು.

ದಸರೆಗೆ ಅಮ್ಮ ಟ್ರಂಕಿನಿಂದ ಗೊಂಬೆ ತೆಗೆದರು. ಪಟ್ಟದ ಗೊಂಬೆಗಳಿಗೆ ಸೀರೆ ಪಂಚೆ ಉಡಿಸಿ ಮೇಲಿನ ಮೆಟ್ಟಿಲಲ್ಲಿ ಕೂರಿಸಿದರು. ಮಣ್ಣಿನ ಒಂದು ಗೊಂಬೆಯ ಮುಖ ಮಸುಕಾಗಿತ್ತು. ನನ್ನ ಸಣ್ಣ ಕುಂಚ ಕೇಳಿ ತಗೊಂಡರು. ಎಪ್ಪತ್ತೈದರ ಕೈ, ನಡುಗುತ್ತದೆ. ಉಸಿರು ಹಿಡಿದು, ಕಿರುಬೆರಳನ್ನು ಗೊಂಬೆಯ ಕೆನ್ನೆಗೆ ಊರಿ, ತುಟಿ, ಹುಬ್ಬು, ಬೊಟ್ಟು ಎಲ್ಲ ಬರೆದು ಕಟ್ಟಕಡೆಗೆ ಕಣ್ಣು ಬರೆದರು. ಆಮೇಲೆ ನನ್ನ ಟೇಬಲ್ ಕಡೆ ನೋಡಿದರು. ಅಷ್ಟೊತ್ತಿಗೆ 33ರಲ್ಲಿ ಇಪ್ಪತ್ತಮೂರು ಜನ ಮುಗಿದಿದ್ದರು.

"ಇವಕ್ಕೆ ಕಣ್ಣೇ ಬರೆದಿಲ್ವಲ್ಲೋ."

ಮೂರಡಿ ದೂರದಿಂದ ಆಡೋ ಗೊಂಬೆಗೆ ಕಣ್ಣು ಕಾಣೋದಿಲ್ಲ, ವಾಶ್‌ನ ನೆರಳೇ ಸಾಕು ಅಂತ ವಿವರಿಸಿದೆ. ಆಟಗಾರರು ಒಪ್ಪೋ ಮಾತೇ ಅದು. ಅಮ್ಮ ಒಪ್ಪಲಿಲ್ಲ. ಕಣ್ಣಿದ್ದ ಆ ನಾಲ್ಕು ಜನರನ್ನು ಮಾತ್ರ ಆರಿಸಿ ಮಗಳ ಕೈಗೆ ಕೊಟ್ಟರು. ಅವಳು ಅವರನ್ನು ಕೆಳಗಿನ ಮೆಟ್ಟಿಲಲ್ಲಿ, ಕ್ರಿಕೆಟ್ ಆಡುವ ಗೊಂಬೆಗಳ ಪಕ್ಕ ಫೀಲ್ಡಿಂಗಿಗೆ ನಿಲ್ಲಿಸಿದಳು.

ಉಳಿದದ್ದು ಡ್ರಮ್ಮರ್. ಈ ಸಲ ಬಿಳಿಯಿಂದ ಶುರು ಮಾಡಿಲ್ಲ. ತಿಳಿ ಬೂದು ಬಣ್ಣದಿಂದ ಮಾಡಿದ್ದೇನೆ, ಮಡಿಕೆಗಳಲ್ಲಿ ಬೂದು ಬಣ್ಣವನ್ನೇ ಬಿಟ್ಟು ಉಬ್ಬಿನ ಮೇಲೆ ಮಾತ್ರ ಬಿಳಿ, ಅದೂ ನೀರು ಮಜ್ಜಿಗೆಯಷ್ಟು ತೆಳುವಾಗಿ. ನಿನ್ನೆ ಬಣ್ಣದ ಮೊದಲ ಕೋಟು ಬಿತ್ತು. ಎಡ ಮೊಣಕೈ ಹತ್ತಿರ ಸ್ವಲ್ಪ ಸುಣ್ಣದ ಹಾಗೆ ತರಿ ಎದ್ದಿದೆ. ಒರೆಸಲಿಲ್ಲ. ಇವತ್ತು ರಾತ್ರಿ ಎರಡನೇ ಕೋಟು, ಕರೆಂಟು ಇದ್ದರೆ.